ನಾಲ್ಕು ವಿಭಕ್ತಿ, ಒಂದು ಕೋಣೆ

ಜರ್ಮನ್ ಭಾಷೆಯನ್ನು ಹುಟ್ಟುಹಾಕಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವರ ಮನೆ ಹುಡುಕಿಕೊಂಡು ಹೋಗಿ, ಬಾಗಿಲು ಬಡಿದು ಒಂದೇ ಒಂದು ಮಾತು ಕೇಳುತ್ತಿದ್ದೆ: ಸ್ವಾಮೀ, ನಿಮ್ಮ ಮನೆಯಲ್ಲಿ ಅತ್ತೆ ಇರಲಿಲ್ಲವೇ? ಇದ್ದರೆ ಅವರನ್ನು ಸಂಭಾಳಿಸಿಕೊಂಡು ಸುಮ್ಮನೆ ಇರುವುದು ಬಿಟ್ಟು, ನನ್ನ ಅತ್ತೆಯ ಕೈಗೆ ಡೀ ಮತ್ತು ಡೇರ್ ಅನ್ನುವ ಎರಡು ಚಿಲ್ಲರೆ ಪದ ಕೊಟ್ಟು ನನ್ನ ಹೊಟ್ಟೆಯ ಮೇಲೆ ಹೊಡೆಯುವ ದುರ್ಬುದ್ಧಿ ನಿಮಗೆ ಯಾಕೆ ಬಂತು?

ನಾನು ಪರದೆ ಹೊಲಿಯುವವಳು. ಕಿಟಕಿ ಪರದೆ, ಬಾಗಿಲ ಪರದೆ, ಆಸ್ಪತ್ರೆಯಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಎಳೆಯುವ ಪರದೆ, ಎಲ್ಲವೂ ನನ್ನ ಮಶೀನಿನ ಕೆಳಗೆ ಹಾದುಹೋದವೇ. ಊರಿನ ಅರ್ಧ ಜನರ ಮಾನ ನನ್ನ ಕೈಯಲ್ಲಿದೆ. (ಇನ್ನರ್ಧ ಜನ ಅಂಗಡಿಯಿಂದ ಸಿದ್ಧ ಪರದೆ ತಂದು, ಅದು ಕಿಟಕಿಗಿಂತ ಗೇಣು ಗಿಡ್ಡವಾಗಿ, ಬೀದಿಗೆಲ್ಲ ಕಾಣುವ ಹಾಗೆ ಸಂಸಾರ ಮಾಡುತ್ತಿದ್ದಾರೆ.) ಅಂಗಿ ಹೊಲಿದ ಹಾಗಲ್ಲ ಪರದೆ ಹೊಲಿಯುವುದು. ಬಟ್ಟೆಯನ್ನು ಉದ್ದಕ್ಕೆ ಹಾಸಬೇಕು, ಎಳೆ ನೋಡಬೇಕು, ಹೂವಿಗೆ ಹೂವು ಕೂಡಿಸಬೇಕು. ಇದನ್ನೆಲ್ಲ ನಾನು ಮದುವೆಯಾಗಿ ಬಂದಾಗಿನಿಂದ ಊಟದ ಮೇಜಿನ ಮೇಲೆ ಮಾಡುತ್ತಿದ್ದೇನೆ. ಊಟದ ಹೊತ್ತಿಗೆ ಬಟ್ಟೆ ಮಡಚಿ ಎತ್ತಬೇಕು, ಊಟ ಮುಗಿದ ಮೇಲೆ ಮೇಜು ಒರೆಸಿ ಮತ್ತೆ ಹಾಸಬೇಕು. ಒಬ್ಬ ವಕೀಲರ ಮನೆಯ ಬಿಳಿ ಪರದೆಗೆ ಬೆಣ್ಣೆ ಮೆತ್ತಿಕೊಂಡು ಹೋಗಿ, ಆ ವಕೀಲರು ಪರದೆಯನ್ನು ಸಾಕ್ಷಿಯ ಹಾಗೆ ಎತ್ತಿ ಹಿಡಿದು ನನ್ನನ್ನು ಪಾಟೀಸವಾಲು ಮಾಡಿದ್ದನ್ನು ನಾನು ಇನ್ನೂ ಮರೆತಿಲ್ಲ.

ನನ್ನ ಗಂಡ ಹಲ್ಲಿನ ಸೆಟ್ಟು ಮಾಡುವವರು. ಡಾಕ್ಟರು ದವಡೆಯ ಅಚ್ಚು ತೆಗೆದು ಕಳಿಸಿದರೆ ಇವರು ಅದಕ್ಕೆ ಹಲ್ಲು ಕೂರಿಸಿ ಕೊಡುತ್ತಾರೆ. ಊರಿಗೆಲ್ಲ ಬಾಯಿ ಕೊಡುವ ಈ ಮಹಾನುಭಾವರಿಗೆ ಮನೆಯೊಳಗೆ ಕಾಲಿಟ್ಟರೆ ಬಾಯಿಲ್ಲ. ಅವರ ಅಮ್ಮನಿಗೂ ನನಗೂ ಮಾತು ಹತ್ತಿದಾಗ ಇವರು ಆಡುವುದು ಎರಡೇ ಮಾತು. ಒಂದು "ನೋಡೋಣ", ಇನ್ನೊಂದು "ಆಗಲಿ, ನೋಡೋಣ". ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರದು ಎತ್ತಿದ ಕೈ. ಮನೆಯಲ್ಲಿ ಅಡ್ಡಗೋಡೆ ಇಲ್ಲದಿದ್ದರೆ ಮೊದಲು ಗೋಡೆ ಕಟ್ಟಿಸಿ ಆಮೇಲೆ ಇಟ್ಟಾರು.

ಇನ್ನು ಅತ್ತೆ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿ ಅಂಗಡಿಗೆ ನುಗ್ಗಿ, ತಕ್ಕಡಿಯ ತಟ್ಟೆ ಮಗುಚಿ, ತೂಕದ ಬಟ್ಟಿನ ತಳ ಉಗುರಿನಿಂದ ಕೆರೆದು ನೋಡಿ, ವ್ಯಾಪಾರಿಗಳ ನಿದ್ದೆ ಕೆಡಿಸಿದ ಧೀರೆ. ನಿವೃತ್ತರಾದ ಮೇಲೆ ಅವರಿಗೆ ಪರೀಕ್ಷೆ ಮಾಡಲು ಉಳಿದ ತಕ್ಕಡಿ ನಾನೊಬ್ಬಳೇ. ಎದುರಿನವರು ಹೇಳುವುದರಲ್ಲಿ ಮೋಸ ಇದ್ದೇ ಇರುತ್ತದೆ, ಆದ್ದರಿಂದ ಅದನ್ನು ತಿರುವಿಹಾಕಿದರೆ ನಿಜ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. ಅಡುಗೆಗೆ ಉಪ್ಪು ಸರಿಯಾಗಿದೆ ಅಂದರೆ ಒಂದು ಚಿಟಿಕೆ ಹಾಕಿಕೊಳ್ಳುತ್ತಾರೆ. ಕಮ್ಮಿಯಾಗಿದೆ ಅಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಮಳೆ ಬರುವ ಹಾಗಿದೆ ಅಂತ ನಾನು ಹೇಳಿದರೆ ಮುಗಿಯಿತು, ಕೊಡೆಯನ್ನು ಗೂಟಕ್ಕೆ ನೇತುಹಾಕಿ ಹೋಗಿ, ತೊಪ್ಪೆಯಾಗಿ ಬಂದು, ನೀನು ಹೇಳಿದ ಲೆಕ್ಕದಲ್ಲಿ ಬಿಸಿಲು ಬರಬೇಕಿತ್ತು ಅಂತ ನನ್ನ ಮೇಲೇ ರೇಗುತ್ತಾರೆ. (ಈ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಮನೆಯ ಹಿಂಭಾಗದಲ್ಲಿ ಒಂದು ಕೋಣೆಯಿದೆ. ಉದ್ದನೆಯ ಕಿಟಕಿ, ದಿನವಿಡೀ ಬೆಳಕು. ಅದರ ತುಂಬ ಕಾಲು ಮುರಿದ ಕುರ್ಚಿಗಳು, ಅತ್ತೆಯ ಕಾಲದ ತುಕ್ಕು ತಕ್ಕಡಿಗಳು, ನನ್ನ ಗಂಡ ಎಸೆಯಲು ಮನಸ್ಸು ಬಾರದೆ ತಂದಿಟ್ಟ ಪ್ಲಾಸ್ಟರ್ ದವಡೆಗಳು. ಯಾರ್ಯಾರದೋ ಬಾಯಿಗಳು ರಾತ್ರಿ ಕತ್ತಲಲ್ಲಿ ಹಲ್ಲು ಕಿರಿಯುತ್ತಾ ಕೂತಿರುತ್ತಿದ್ದವು. ಇದನ್ನು ಖಾಲಿ ಮಾಡಿಕೊಂಡರೆ ನಿನ್ನ ಹೊಲಿಗೆಗೆ ಇಟ್ಟುಕೋ ಎಂದು ನನ್ನ ಗಂಡ ಒಂದು ದಿನ ಬಾಯಿಬಿಟ್ಟು ಹೇಳಿದರು. ಅವರು ಮಾತು ಬದಲಾಯಿಸುವ ಮೊದಲೇ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕುರ್ಚಿ ಸೌದೆಗೆ ಹೋಯಿತು, ದವಡೆ ಗೋಣಿಚೀಲಕ್ಕೆ ಹೋಯಿತು. ಗೋಡೆಗೆ ನಾನೇ ನಿಂತು ತಿಳಿ ಹಳದಿ ಬಳಿದೆ. ಬಡಗಿಗೆ ಹೇಳಿ ಆಳುದ್ದದ ಕತ್ತರಿಸುವ ಮೇಜು ಮಾಡಿಸಿದೆ. ಮೇಜನ್ನು ಕೋಣೆಯಲ್ಲಿ ಇಳಿಸಿ, ಬಡಗಿಗೆ ಟೀ ಕೊಟ್ಟು ಕಳಿಸಿ, ಬಟ್ಟೆಯ ಸುರುಳಿ ಎತ್ತಿಕೊಂಡು ಬರುವಷ್ಟರಲ್ಲಿ ಅತ್ತೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಒಂದು ಪುಸ್ತಕ, ಎರಡು ಪೆನ್ಸಿಲು.

ಆಗಿದ್ದು ಇಷ್ಟೇ. ಬಡಾವಣೆಯ ಹಿರಿಯರ ಸಂಘದಲ್ಲಿ ಹೊಸ ತರಗತಿಗಳು ಶುರುವಾಗಿದ್ದವು. ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರಮ್ಮ ಸೇರಿದ್ದಾರೆಂದು ಅತ್ತೆಯೂ ಸೇರಲು ಹೋದರು. ಚಿತ್ರಕಲೆ ಭರ್ತಿಯಾಗಿತ್ತು, ಸಂಗೀತ ಭರ್ತಿಯಾಗಿತ್ತು. ಜಾಗ ಉಳಿದದ್ದು ಜರ್ಮನ್ ಭಾಷೆಯಲ್ಲಿ ಮಾತ್ರ. ಅದಕ್ಕೆ ಯಾರೂ ಬಾರದಿದ್ದುದನ್ನು ನೋಡಿ, ಇದರಲ್ಲೇ ಏನೋ ಅಸಲಿ ಮಾಲಿದೆ ಎಂದು ಅತ್ತೆಗೆ ಹೊಳೆಯಿತಂತೆ. ಅವರು ಸೇರಿದ ಮೇಲೆ, ಇವರನ್ನು ನೋಡಿ ಪೋಸ್ಟ್‌ಮಾಸ್ಟರಮ್ಮ ಸಂಗೀತ ಬಿಟ್ಟು ಅಲ್ಲಿಗೇ ಬಂದರು. ಇಬ್ಬರೂ ಹೋದರೆಂದು ಉಳಿದ ಹೆಂಗಸರೂ ಬಂದರು. ಹಿಂದೆ ಪ್ರವಾಸಿಗರನ್ನು ಊರು ಸುತ್ತಿಸುತ್ತಿದ್ದ ಒಬ್ಬ ಗೈಡು ಅವರಿಗೆ ಮೇಷ್ಟ್ರು.

ಕೋಣೆಯ ವಿಷಯ ಊಟದ ಮೇಜಿಗೆ ಬಂತು. (ಎಲ್ಲವೂ ಅಲ್ಲಿಗೇ ಬರುತ್ತದೆ, ನನ್ನ ಬಟ್ಟೆಯೂ ಸೇರಿ.) ನಾನು ಗಂಡನ ಮುಖ ನೋಡಿದೆ. ಅವರು ನೀರಿನ ಲೋಟದ ತಳ ನೋಡಿದರು.

"ನೀವೇ ಅಲ್ವೇನ್ರೀ ಆ ಕೋಣೆ ನಂಗೆ ಅಂತ ಹೇಳಿದ್ದು?"

"ಹೇಳಿದ್ದೆ ಅನ್ಸುತ್ತೆ. ಅಮ್ಮಂದು ಓದು ಮುಗೀಲಿ, ನೋಡೋಣ."

ಅತ್ತೆ ನ್ಯಾಯವಾಗಿ ಮಾತಾಡುವವರ ಹಾಗೆ ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ಮೊದಲನೇ ಹಂತದ ಪರೀಕ್ಷೆ ಬರುತ್ತೆ. ಅದ್ರಲ್ಲಿ ಫೇಲಾದ್ರೆ ಆ ಭಾಷೆ ಸಹವಾಸವೇ ಬೇಡ, ಕೋಣೆ ನೀನೇ ಇಟ್ಕೋ. ಪಾಸಾದ್ರೆ ಎರಡನೇ ಹಂತ ಇದೆ, ಕೋಣೆ ನಂಗೇ ಬೇಕು. ಇದಕ್ಕಿಂತ ಸರಿಯಾದ ತೂಕ ಎಲ್ಲಿ ಸಿಗುತ್ತೆ ಹೇಳು."

ನಾನು ಒಪ್ಪಿದೆ. ಈ ವಯಸ್ಸಿನಲ್ಲಿ ಇವರು ಪಾಸಾಗುವುದುಂಟೇ ಅಂದುಕೊಂಡೆ. ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆ ಅವರಿಗಾಗಿಯೇ ಹುಟ್ಟಿರಬೇಕು, ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವಾರವೇ ಮೇಷ್ಟ್ರು ಸ್ತ್ರೀಲಿಂಗದ ಪಾಠ ಮಾಡಿ ಮುಗಿಸಿಬಿಟ್ಟರು. ಪಟ್ಟಿ ಬಿಚ್ಚಿದ ಮೇಲೂ ಪುಸ್ತಕದ ಸಣ್ಣ ಅಕ್ಷರ ಕೆಲವು ಕಾಲ ಓದಕೂಡದೆಂದು ಡಾಕ್ಟರು ಹೇಳಿದರು. ಹಾಗಾಗಿ ಆ ಪಾಠವನ್ನು ಮನೆಯಲ್ಲಿ ಯಾರಾದರೂ ಓದಿ ಹೇಳಿಕೊಡಬೇಕಾಯಿತು. ಮನೆಯಲ್ಲಿ ಯಾರಾದರೂ ಅಂದರೆ ಯಾರು ಅಂತ ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮುಂದೆ, ನಾನು ಬಳಿದ ಹಳದಿ ಗೋಡೆ ನೋಡುತ್ತಾ, ನನ್ನ ಕೋಣೆಯನ್ನು ಕಸಿದುಕೊಳ್ಳುವ ಪರೀಕ್ಷೆಗೆ ನಾನೇ ಪಾಠ ಹೇಳಿಕೊಡುವುದು. ಇಂಥ ಯೋಗ ಶತ್ರುವಿಗೂ ಬೇಡ.

ಪಾಠ ಓದುತ್ತಾ ಹೋದ ಹಾಗೆ ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಭಾಷೆಯಲ್ಲಿ ವಿಭಕ್ತಿ ಬಂದರೆ ಪದದ ಬಾಲ ಅಲ್ಲಾಡುತ್ತದೆ: ಸೊಸೆಯು, ಸೊಸೆಯನ್ನು, ಸೊಸೆಗೆ, ಸೊಸೆಯ. ಅವರಲ್ಲಿ ಹಾಗಲ್ಲ. ಹೆಣ್ಣು ಪದ ಏಕವಚನದಲ್ಲಿದ್ದರೆ ಅದು ಕಲ್ಲು ಕೂತ ಹಾಗೆ ಕೂತಿರುತ್ತದೆ, ಯಾವ ವಿಭಕ್ತಿ ಬಂದರೂ ಕೂದಲೂ ಕೊಂಕುವುದಿಲ್ಲ. ಬದಲಾಗುವುದು ಅದರ ಮುಂದೆ ನಿಂತಿರುವ ಚಿಲ್ಲರೆ ಪದ. ಹೆಂಗಸಿಗೆ ಅವರು ಫ್ರಾವ್ ಅನ್ನುತ್ತಾರೆ. ಹೆಂಗಸು ಬಂದಳು ಅನ್ನುವಾಗ ಡೀ ಫ್ರಾವ್. ಹೆಂಗಸನ್ನು ಕಂಡೆ ಅನ್ನುವಾಗಲೂ ಡೀ ಫ್ರಾವ್. ಹೆಂಗಸಿಗೆ ಕೊಟ್ಟೆ ಅಂದರೆ ಡೇರ್ ಫ್ರಾವ್. ಹೆಂಗಸಿನದು ಅಂದರೂ ಡೇರ್ ಫ್ರಾವ್. ಪರದೆಯ ಲೆಕ್ಕದಲ್ಲಿ ಹೇಳುವುದಾದರೆ ಬಟ್ಟೆ ಅದೇ, ಮೇಲಿನ ರಿಂಗು ಮಾತ್ರ ಬೇರೆ. ಮೊದಲೆರಡಕ್ಕೆ ಡೀ, ಕೊನೆಯೆರಡಕ್ಕೆ ಡೇರ್. ವಿಭಕ್ತಿ ಇರುವುದೂ ಒಟ್ಟು ನಾಲ್ಕೇ.

ಇದರಲ್ಲಿ ಸಿಟ್ಟಿಗೇನಿದೆ ಅನ್ನುತ್ತೀರಾ? ಡೇರ್ ಅನ್ನುವುದು ಅಸಲಿಗೆ ಗಂಡುಪದದ ಮುಂದೆ ಎದೆಯುಬ್ಬಿಸಿ ನಿಲ್ಲುವ ಪದ. ಹೆಂಗಸು ಬರುವಾಗ, ಹೆಂಗಸನ್ನು ನೋಡುವಾಗ ಅದರ ಸುಳಿವಿಲ್ಲ. ಹೆಂಗಸಿಗೆ ಏನಾದರೂ ಕೊಡಬೇಕು, ಅಥವಾ ಇದು ಹೆಂಗಸಿನದು ಅನ್ನಬೇಕು ಅಂದ ಕೂಡಲೇ ಗಂಡಸಿನ ಅಂಗಿ ತೊಟ್ಟ ಪದ ಅಡ್ಡ ಬಂದು ನಿಲ್ಲುತ್ತದೆ. ಕತ್ತರಿ ಅವರಲ್ಲಿ ಸ್ತ್ರೀಲಿಂಗವಂತೆ. ಸೂಜಿ ಸ್ತ್ರೀಲಿಂಗ, ಹೊಲಿಗೆ ಮಶೀನು ಸ್ತ್ರೀಲಿಂಗ, ಕಿಟಕಿ ಪರದೆಯೂ ಸ್ತ್ರೀಲಿಂಗ. ಇವೆಲ್ಲ ಹೋಗಿ ಇರಬೇಕಾದ ಕೋಣೆ ಮಾತ್ರ ನಪುಂಸಕ. ಆ ದೇಶದಲ್ಲೂ ನನ್ನ ಗಂಡನಂಥವರೇ ಕೂತು ತೀರ್ಮಾನ ಮಾಡಿರಬೇಕು.

ಆದರೂ ನಾನು ಪ್ರಾಮಾಣಿಕಳಾಗಿಯೇ ಹೇಳಿಕೊಟ್ಟೆ. ಅತ್ತೆ ಮನೆಯಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದರು: ಡೀ, ಡೀ, ಡೇರ್, ಡೇರ್. ಅಡುಗೆಮನೆಗೆ ಬಂದು ಒಪ್ಪಿಸಿದರು, ಬಚ್ಚಲಿನಿಂದ ಕೂಗಿ ಒಪ್ಪಿಸಿದರು. ಕೋಣೆ ಕೈಬಿಟ್ಟಿತೆಂದೇ ಅಂದುಕೊಂಡೆ. ಆದರೆ ಮೇಷ್ಟ್ರು ಕ್ಲಾಸಿನಲ್ಲಿ ಸಣ್ಣ ಪರೀಕ್ಷೆ ಮಾಡಿದಾಗ ಸ್ತ್ರೀಲಿಂಗಕ್ಕೆ ಅತ್ತೆಗೆ ಬಂದದ್ದು ದುಂಡು ಸೊನ್ನೆ. ಗಂಡುಪದದಲ್ಲಿ ಪಾಸು, ನಪುಂಸಕದಲ್ಲಿ ಪಾಸು, ಹೆಣ್ಣಿನಲ್ಲಿ ಒಂದೂ ಸರಿಯಿಲ್ಲ. ದೊಡ್ಡ ಪರೀಕ್ಷೆಯಲ್ಲಿ ಒಂದು ಲಿಂಗ ತಪ್ಪಿದರೂ ಫೇಲು, ಮನೆಯಲ್ಲಿ ಇನ್ನೊಂದು ಸಲ ಓದಿಸಿಕೊಂಡು ಬನ್ನಿ ಎಂದರಂತೆ ಮೇಷ್ಟ್ರು.

ನನಗೆ ಒಳಗೊಳಗೇ ಹಿಗ್ಗು. ಮುಖವನ್ನು ಉದ್ದ ಮಾಡಿಕೊಂಡು ಸಮಾಧಾನ ಹೇಳಲು ಹೋದರೆ, ಅತ್ತೆ ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಪೋಸ್ಟ್‌ಮಾಸ್ಟರಮ್ಮನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ನಂದೇನೂ ತಪ್ಪಿಲ್ಲ ಕಣ್ರೀ. ಹೇಳಿಕೊಟ್ಟವರದ್ದು. ಕೋಣೆ ಮೇಲೆ ಕಣ್ಣಿಟ್ಟಿದ್ದಾಳೆ, ಬೇಕು ಅಂತಲೇ ತಪ್ಪು ಹೇಳಿಕೊಟ್ಟಿದ್ದಾಳೆ."

ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯ ಪರದೆಗಳನ್ನು ಮೂಲೆಗೆ ತಳ್ಳಿ, ಟೀ ಮಾಡಿಕೊಟ್ಟು, ಗಂಟಲು ಹರಿಯುವ ಹಾಗೆ ಓದಿಸಿದ್ದಕ್ಕೆ ಸಿಕ್ಕ ಬಿರುದು ಇದು. ಆ ಕ್ಷಣದಲ್ಲಿ ನನ್ನೊಳಗೆ ಒಂದು ದಿವ್ಯ ವಿಚಾರ ಉದಯಿಸಿತು. ಸರಿ ಹೇಳಿಕೊಟ್ಟೂ ತಪ್ಪು ಹೇಳಿಕೊಟ್ಟವಳು ಅನ್ನಿಸಿಕೊಂಡಾಯಿತಲ್ಲ, ಇನ್ನು ತಪ್ಪನ್ನೇ ಹೇಳಿಕೊಟ್ಟರೆ ನಷ್ಟವೇನು? ಸೊನ್ನೆ ಹೇಗೂ ಬರುತ್ತಿದೆ. ಆದರೆ ಪರೀಕ್ಷೆಯ ದಿನ ಪುಣ್ಯಕ್ಕೆ ನೆನಪಾಗಿ ಸರಿ ಹೇಳಿಬಿಟ್ಟರೆ? ಆ ದಾರಿಯನ್ನೂ ಮುಚ್ಚಿಬಿಡಬೇಕು. ಬೇರೇನೂ ಬೇಕಿರಲಿಲ್ಲ, ಬುಡ ಮೇಲು ಮಾಡಿದರೆ ಸಾಕಿತ್ತು. ಬಂದಳು, ಕಂಡೆ ಅನ್ನುವಾಗ ಡೇರ್. ಕೊಟ್ಟೆ, ಅವಳದು ಅನ್ನುವಾಗ ಡೀ.

ಮಾರನೆಯ ಬೆಳಿಗ್ಗೆ ಟೀ ಲೋಟ ಹಿಡಿದು ಕೋಣೆಗೆ ಹೋದೆ. ದನಿಗೆ ಸಕ್ಕರೆ ಬೆರೆಸಿದೆ. ಅತ್ತೆ, ತಪ್ಪು ನನ್ನದೇ, ಸಾಲು ಹಿಂದುಮುಂದಾಗಿ ಓದಿಬಿಟ್ಟಿದ್ದೆ, ಈಗ ಸರಿಯಾಗಿ ಕಲಿಯೋಣ ಬನ್ನಿ ಅಂದೆ. ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದ ನನ್ನ ಕಡೆ ತಿರುಗಿ, ಆಗಲಮ್ಮ ಅಂದರು. ಆ ದಿನದಿಂದ ನಮ್ಮಿಬ್ಬರ ನಡುವೆ ಅದೇನು ಪ್ರೀತಿ, ಅದೇನು ವಿಶ್ವಾಸ! ನಾನು ಡೇರ್ ಡೇರ್ ಅಂದರೆ ಅವರೂ ಡೇರ್ ಡೇರ್. ನಾನು ಡೀ ಡೀ ಅಂದರೆ ಅವರೂ ಡೀ ಡೀ. ಹಿಂದಿನಿಂದ ಕೇಳಿದರೂ ತಪ್ಪದೆ ತಪ್ಪು ಹೇಳುತ್ತಿದ್ದರು. ಇದನ್ನು ಕಂಡು ನನ್ನ ಗಂಡನಿಗೆ ಕಣ್ಣು ತುಂಬಿ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಮ್ಮನೇಲಿ ಇಬ್ಬರಿಗೂ ಒಂದೇ ಕಾಲ ಬಂತು ನೋಡು ಅಂದರು. ಬಾಯಿಲ್ಲದವರು ಬಾಯಿಬಿಟ್ಟರೆ ಹೀಗೇ ಆಗುವುದು.

ನಾನು ಬಡಾವಣೆಯ ನಾಟಕ ಮಂದಿರದ ದೊಡ್ಡ ಪರದೆಯ ಕೆಲಸಕ್ಕೆ ಆಗಲೇ ಒಪ್ಪಿಕೊಂಡುಬಿಟ್ಟೆ. ಊಟದ ಮೇಜಿನ ಮೇಲೆ ಅದರ ಅಂಚು ಕೂಡ ಹಿಡಿಸುವುದಿಲ್ಲ. ಕೋಣೆ ನನ್ನದಾಗುತ್ತದೆ ಅನ್ನುವ ಧೈರ್ಯ. ಬಟ್ಟೆಯ ಮೂಟೆಗಳು ಬಂದು ನಡುಮನೆಯಲ್ಲಿ ಬಿದ್ದವು. ಒಳಗೆ ಬರುವವರೆಲ್ಲ ಅವುಗಳ ಮೇಲೆ ಹತ್ತಿ ಇಳಿದು ಬರಬೇಕಾಯಿತು.

ಪರೀಕ್ಷೆ ಸಂಘದ ಹಜಾರದಲ್ಲಿ ನಡೆಯಿತು. ಕಣ್ಣು ಮಂಜಾದವರೇ ಹೆಚ್ಚೆಂದು ಬಾಯಿಪರೀಕ್ಷೆ ಇಟ್ಟಿದ್ದರು. ಮನೆಯವರು ಹಿಂದಿನ ಬೆಂಚಿನಲ್ಲಿ ಕೂರಬಹುದಿತ್ತು. ನಾನು ಕೂತೆ. ಅತ್ತೆಯ ಕೈ ಹಿಡಿದು ಕರೆದುಕೊಂಡು ಬಂದ ಸೊಸೆಯನ್ನು ಎಲ್ಲರೂ ಮೆಚ್ಚುಗೆಯಿಂದ ನೋಡಿದರು, ನಾನು ತಲೆ ತಗ್ಗಿಸಿ ಆ ಮೆಚ್ಚುಗೆಯನ್ನು ಸ್ವೀಕರಿಸಿದೆ. ಮೊದಲು ಬಂದ ಪೋಸ್ಟ್‌ಮಾಸ್ಟರಮ್ಮ ಹೆಂಗಸಿಗೆ ಕೊಡುವ ಹೊತ್ತಿಗೆ ತಡವರಿಸಿದರು. ಅವರ ನಂತರ ಬಂದವರೂ ಅಲ್ಲೇ ಎಡವಿದರು. ಕೊನೆಗೆ ಅತ್ತೆ ಎದ್ದು ಮೇಷ್ಟ್ರ ಎದುರು ಕೂತರು. ಗಂಡುಪದ ಮುಗಿಯಿತು, ನಪುಂಸಕ ಮುಗಿಯಿತು. ನಾನು ಮನಸ್ಸಿನಲ್ಲೇ ಮಶೀನನ್ನು ಕಿಟಕಿಯ ಪಕ್ಕಕ್ಕೆ ಎಳೆದು ಇಟ್ಟುಕೊಂಡೆ.

ಮೇಷ್ಟ್ರು ಕೇಳಿದರು. "ಹೆಂಗಸು ಬಂದಳು. ಫ್ರಾವ್ ಮುಂದೆ ಏನು ಬರುತ್ತೆ?"

ಅತ್ತೆ ಕಣ್ಣು ಮುಚ್ಚಿ, ಎಡಗೈ ಒಮ್ಮೆ, ಬಲಗೈ ಒಮ್ಮೆ ಮೇಲೆ ಕೆಳಗೆ ಮಾಡಿ, ಏನನ್ನೋ ತೂಗಿದರು. "ಡೀ."

ನಾನು ಬೆಂಚಿನ ಅಂಚು ಹಿಡಿದುಕೊಂಡೆ.

"ಹೆಂಗಸನ್ನು ಕಂಡೆ."

"ಡೀ."

"ಹೆಂಗಸಿಗೆ ಕೊಟ್ಟೆ."

"ಡೇರ್."

"ಸರಿ. ಹೆಂಗಸಿನ ಕೋಣೆ."

"ಡೇರ್," ಅಂದರು ಅತ್ತೆ, ಕಣ್ಣು ಬಿಟ್ಟು, ನೇರವಾಗಿ ನನ್ನ ಕಡೆ ನೋಡಿ.

ಕತ್ತರಿ ಕೇಳಿದರು, ಸೂಜಿ ಕೇಳಿದರು, ದೀಪ ಕೇಳಿದರು. ಒಂದೂ ತಪ್ಪಲಿಲ್ಲ. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕನಸಿನಲ್ಲೂ ತಪ್ಪು ಹೇಳುವಷ್ಟು ಪಳಗಿಸಿದ ಬಾಯಿಂದ ಇಷ್ಟೊಂದು ಸರಿ ಹೇಗೆ ಹೊರಬಂತು?

ಮನೆಗೆ ಬರುವ ದಾರಿಯಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. ಮನೆಯಲ್ಲಿ ನಾವು ಕಲಿತಿದ್ದು ಬೇರೆಯಲ್ಲವೇ ಅತ್ತೆ ಅಂದೆ. ಅತ್ತೆ ನಿಲ್ಲದೆ, ಕೈಚೀಲ ಬೀಸುತ್ತಾ ಉತ್ತರ ಕೊಟ್ಟರು.

"ಇಷ್ಟು ವರ್ಷ ನೀನು ಹೇಳಿದ್ದನ್ನ ನಾನು ಯಾವತ್ತಾದ್ರೂ ಹಾಗೇ ಮಾಡಿದೀನಾ? ಮೊದಲನೇ ಸಲಾನೂ ತಿರುವಿ ಹಾಕಿ ಹೇಳ್ದೆ, ಸೊನ್ನೆ ಬಂತು. ಊರ ಮುಂದೆ ಮಾನ ಉಳಿಸ್ಕೊಳ್ಳೋಕೆ ನಿನ್ನ ಮೇಲೆ ತಪ್ಪು ಹಾಕ್ದೆ, ಆದ್ರೆ ಒಳಗೊಳಗೇ, ಅಯ್ಯೋ, ಈ ಹುಡುಗಿ ನಿಜ ಹೇಳಿತ್ತಲ್ಲ, ಇನ್ಮೇಲೆ ನಂಬೋಣ ಅಂತಲೇ ಇದ್ದೆ."

"ಮತ್ತೆ?"

"ಮಾರನೇ ದಿನ ನೀನು ಟೀ ತಂದೆ. ದನಿ ಜೇನು ಸುರಿದ ಹಾಗಿತ್ತು. ಸರ್ವೀಸಿನಲ್ಲಿ ನಾನು ಕಲಿತಿದ್ದು ಒಂದೇ ಪಾಠ ಕಣೇ. ತೂಕ ಸರಿ ಇರೋನು ಗಿರಾಕಿ ಮೇಲೆ ಸಿಡುಕ್ತಾನೆ, ತಟ್ಟೆ ಕೆಳಗೆ ಅಯಸ್ಕಾಂತ ಅಂಟಿಸಿರೋನು ಕೂರಿಸಿ ಮಾತಾಡಿಸ್ತಾನೆ. ನೀನು ಟೀ ಇಟ್ಟ ಕೂಡ್ಲೇ ನಂಗೆ ಗೊತ್ತಾಯ್ತು, ಹಳೇ ಪದ್ಧತೀನೇ ಸರಿ ಅಂತ."

ಇದನ್ನು ಕೇಳಿ ನನಗೆ ಬಂದ ಸಿಟ್ಟು ಅತ್ತೆಯ ಮೇಲಲ್ಲ. ನನ್ನ ಮೇಲೂ ಅಲ್ಲ. ಜಗತ್ತಿನ ನೀತಿಬೋಧೆಗಳ ಮೇಲೆ. ಅದೇ ಟೀ ಕೊಟ್ಟು, ಅದೇ ಜೇನು ದನಿಯಲ್ಲಿ ಸರಿಯಾದದ್ದನ್ನೇ ಹೇಳಿಕೊಡುತ್ತಾ ಹೋಗಿದ್ದರೆ ಇವರು ಅದನ್ನು ತಿರುವಿ ಹಾಕಿ, ಇನ್ನೊಂದು ಸೊನ್ನೆಯೊಂದಿಗೆ ಕೋಣೆ ನನ್ನ ಕೈಸೇರುತ್ತಿತ್ತು. ಒಳ್ಳೆಯವಳಾಗಿದ್ದರೂ ಗೆಲ್ಲುವ ಅವಕಾಶ ಜೀವನದಲ್ಲಿ ಒಂದೇ ಸಲ ಬಂದಿತ್ತು, ಅದನ್ನು ನಾನು ಕೆಟ್ಟವಳಾಗಿ ಕಳೆದುಕೊಂಡೆ.

ಅವಮಾನ ಅಲ್ಲಿಗೇ ಮುಗಿಯಲಿಲ್ಲ. ಸಂಜೆ ಮೇಷ್ಟ್ರು ನಡುಮನೆಯ ಮೂಟೆಗಳನ್ನು ಹತ್ತಿ ಇಳಿದು ಮನೆಗೇ ಬಂದರು. ಕ್ಲಾಸಿಗೆ ಬಂದು ಕಲಿತವರಿಗೆ ಬಾರದ ಸ್ತ್ರೀಲಿಂಗವನ್ನು ಮನೆಯಲ್ಲೇ ಕಲಿಸಿದ ಸೊಸೆಯನ್ನು ನೋಡಬೇಕಂತೆ. ತಪ್ಪಿದ ಹೆಂಗಸರಿಗೆಲ್ಲ ನಾನೇ ವಾರವಾರ ಪಾಠ ಹೇಳಿಕೊಡಬೇಕಂತೆ. ಎಲ್ಲಿ ಅಂತ ನಾನು ಕೇಳುವ ಮೊದಲೇ ಅತ್ತೆ ಹಿಂದಿನ ಕೋಣೆಯ ಬಾಗಿಲು ತೆರೆದು, ಇಷ್ಟು ಬೆಳಕು, ಇಷ್ಟುದ್ದದ ಮೇಜು, ಇದಕ್ಕಿಂತ ಬೇರೆ ಜಾಗ ಬೇಕೇ ಅಂದರು. ಮೇಷ್ಟ್ರ ಹಿಂದೆಯೇ ಬಂದಿದ್ದ ಪೋಸ್ಟ್‌ಮಾಸ್ಟರಮ್ಮ ಕುರ್ಚಿ ತಮ್ಮ ಅಳತೆಗೆ ಸರಿಯೇ ಎಂದು ಆಗಲೇ ಕೂತು ನೋಡಿದರು. ನನ್ನ ಗಂಡ, ಆಗಲಿ, ನೋಡೋಣ ಅಂದರು.

ಅವರೆಲ್ಲ ಹೋದ ಮೇಲೆ ನಾನು ಊಟದ ಮೇಜು ಒರೆಸುತ್ತಾ ಯೋಚಿಸಿದೆ. ನಡುಮನೆಯಲ್ಲಿ ನಾಟಕ ಮಂದಿರದ ಮೂಟೆ ಬಿದ್ದಿದೆ. ಬುದ್ಧಿಗೆ ಬುದ್ಧಿಯೇ ಮದ್ದು. ಈ ಮಹಾತಾಯಿ ಸಿಹಿ ದನಿಯನ್ನು ನಂಬುವುದಿಲ್ಲ, ನನ್ನ ಮಾತನ್ನು ತಿರುವಿ ಹಾಕದೆ ಬಿಡುವುದಿಲ್ಲ. ಹಾಗಾದರೆ ತಿರುಗಿಸಿದ ಮಾತನ್ನೇ ಸಿಡುಕಿಕೊಂಡು ಹೇಳಿದರೆ ಅದು ತಾನಾಗಿ ನೆಟ್ಟಗಾಗಬೇಕಲ್ಲ. ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಬಡಿದು, ಮುಖವನ್ನು ಆದಷ್ಟು ಗಂಟಿಕ್ಕಿ, ಅತ್ತೆಯ ಎದುರಿಗೆ ಹೋಗಿ ನಿಂತೆ.

"ಆ ಕೋಣೆ ನಿಮ್ಮ ಹತ್ರಾನೇ ಇರ್ಲಿ ಅತ್ತೆ. ನಂಗೆ ಬೇಡವೇ ಬೇಡ. ನಾನು ಹೊಲಿಯೋದು ಊಟದ ಮೇಜಿನ ಮೇಲೇ."

ಅತ್ತೆ ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವ ಹಾಗೆ ಸ್ವಲ್ಪ ಹೊತ್ತು ಕಾದರು.

"ಸರಿ ಕಣಮ್ಮ," ಅಂದರು. "ಇಷ್ಟು ಸಿಡುಕ್ತಿದ್ದೀಯ ಅಂದ್ರೆ ತೂಕ ಸರಿಯಾಗೇ ಇದೆ. ನೀನು ಹೇಳಿದ ಹಾಗೇ ಆಗ್ಲಿ."

ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನ ಮಾತು ಕೇಳಿದ್ದು ಅದೊಂದೇ ಸಲ.